ಖಾಲಿ ಬಿಟ್ಟ ನಾಲ್ಕು ದಿನ

ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ಡೇ ಬುಕ್ ಟ್ಯಾಲಿ ಆಗದೆ ಮನೆಗೆ ಹೊರಡುವಂತಿರಲಿಲ್ಲ. ಹತ್ತು ಪೈಸೆ ವ್ಯತ್ಯಾಸಕ್ಕೆ ರಾತ್ರಿ ಎಂಟರ ತನಕ ಕೂತು ವೋಚರ್ ತಿರುವಿ ಹಾಕಿದ್ದುಂಟು. ಆ ಅಭ್ಯಾಸ ನನ್ನ ಜೊತೆ ಮನೆಗೂ ಬಂತು, ಪ್ರವಾಸಕ್ಕೂ ಬಂತು. ಎಲ್‌ಎಫ್‌ಸಿಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವಾಗ ನನ್ನ ಜೇಬಿನಲ್ಲಿ ಒಂದು ಟೈಮ್ ಟೇಬಲ್ ಇರುತ್ತಿತ್ತು. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಐದೂಕಾಲಿಗೆ ಕಾಫಿ, ಆರಕ್ಕೆ ಬಸ್ಸು. ತಪ್ಪುವಂತಿಲ್ಲ.

1991ರಲ್ಲಿ ಬದರಿಗೆ ಹೋಗುವಾಗ ದೇವಪ್ರಯಾಗದಲ್ಲಿ ಬಸ್ಸು ನಿಂತಿತು. ಅಲಕನಂದಾ, ಭಾಗೀರಥಿ ಎರಡೂ ಸೇರಿ ಅಲ್ಲಿಂದ ಮುಂದೆ ಗಂಗೆಯಾಗಿ ಹರಿಯುತ್ತವೆ. “ರೀ, ಕೆಳಗೆ ಹೋಗಿ ಹತ್ತು ನಿಮಿಷ ಕೂತು ಬರೋಣ” ಅಂದಳು ನನ್ನಾಕೆ. ನಾನು ಗಡಿಯಾರ ನೋಡಿ, “ಬರುವಾಗ ನೋಡೋಣ” ಅಂದೆ. ಬರುವಾಗ ಬಸ್ಸು ಅಲ್ಲಿ ನಿಲ್ಲಲೇ ಇಲ್ಲ.

ಈ ಮಾತನ್ನು ಅವಳು ನೂರು ಸಲ ಎತ್ತಿ ಆಡಿದವಳಲ್ಲ. ಆಡಿದ್ದು ಒಂದೇ ಸಲ, ಹೋದ ವರ್ಷ ಯುಗಾದಿಯ ಮಾರನೇ ದಿನ. ಹತ್ತು ವರ್ಷ ಕಟ್ಟಿದ ಆರ್.ಡಿ. ಹಣ ಎಫ್.ಡಿ.ಯಲ್ಲಿ ಕೂತಿತ್ತು. ಯೂರೋಪಿಗೆ ಹೋಗಿಬರೋಣ, ನಾವಿಬ್ಬರೇ, ಕಾರು ಬಾಡಿಗೆಗೆ ತೆಗೆದುಕೊಂಡು ಮೆಲ್ಲಗೆ ಸುತ್ತೋಣ ಎಂಬುದು ಎರಡು ವರ್ಷದ ಮಾತು. ನಾನು ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಹದಿನೈದು ರಾತ್ರಿಗೆ ಆರು ದೇಶ ತುಂಬಿಸಿ ಅವಳ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, “ಇದರಲ್ಲಿ ದೇವಪ್ರಯಾಗ ಎಲ್ಲಿದೆ?” ಅಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು.

ಅವಳು ಹಾಕಿದ ಷರತ್ತು ಎರಡೇ. ನಿಲ್ಲಿಸಿ ಅಂದ ಕಡೆ ಕಾರು ನಿಲ್ಲಬೇಕು. ಹದಿನೈದರಲ್ಲಿ ನಾಲ್ಕು ದಿನ ಖಾಲಿ ಇರಬೇಕು, ಆ ಪುಟಗಳಲ್ಲಿ ನಾನು ಒಂದಕ್ಷರ ಬರೆಯಕೂಡದು. ಮೊದಲು ದುಡ್ಡು ದಂಡ ಅನ್ನಿಸಿತು. ಯೋಚಿಸಿದರೆ ಬ್ಯಾಂಕಿನಲ್ಲಿ ನಾವು ಮಾಡುತ್ತಿದ್ದುದೂ ಅದನ್ನೇ. ಬಂದ ಠೇವಣಿಯನ್ನೆಲ್ಲ ಸಾಲ ಕೊಟ್ಟು ಬರಿಗೈಯಲ್ಲಿ ಯಾವ ಬ್ಯಾಂಕೂ ಕೂರುವುದಿಲ್ಲ, ಒಂದಿಷ್ಟು ಮೀಸಲಿಟ್ಟಿರುತ್ತದೆ. ಒಪ್ಪಿಕೊಂಡೆ.

ಆರು ದೇಶ ಹೋಗಿ ಒಂದೇ ಉಳಿಯಿತು. ಜರ್ಮನಿಯ ದಕ್ಷಿಣ ಭಾಗದಲ್ಲಿ ಒಂದು ಸುತ್ತು: ಮ್ಯೂನಿಕ್‌ನಲ್ಲಿ ಇಳಿದು, ಆಲ್ಪ್ಸ್ ಬುಡದ ಫ್ಯೂಸೆನ್, ಸರೋವರದ ಲಿಂಡಾವ್, ಬ್ಲ್ಯಾಕ್ ಫಾರೆಸ್ಟ್ ಕಾಡು, ಫ್ರಾನ್ಸ್ ಗಡಿಯ ಕೇಲ್, ಉಲ್ಮ್, ಮತ್ತೆ ಮ್ಯೂನಿಕ್. ಎಲ್ಲ ಸೇರಿ ಸಾವಿರದ ನೂರು ಕಿಲೋಮೀಟರು. ಈ ದೇಶವೇ ಯಾಕೆಂದರೆ ಅಲ್ಲಿನ ಹೆದ್ದಾರಿಯಲ್ಲಿ ಕಾರುಗಳಿಗೆ ಟೋಲ್ ಇಲ್ಲ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಹೆದ್ದಾರಿಗಳಿಗೆ ವಿನ್ಯೆಟ್ ಎಂಬ ಚೀಟಿ ಕೊಳ್ಳಬೇಕು. ಫ್ರಾನ್ಸ್, ಇಟಲಿಯಲ್ಲಿ ನಮ್ಮಲ್ಲಿಯಂತೆಯೇ ಟೋಲ್ ಗೇಟು.

ಇನ್ನು ಕಾಗದಪತ್ರ. ಷೆಂಗೆನ್ ವೀಸಾ ಒಂದಿದ್ದರೆ ಹಲವು ದೇಶಗಳಲ್ಲಿ ಓಡಾಡಬಹುದು. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೇವೋ ಆ ದೇಶಕ್ಕೆ ಅರ್ಜಿ. ಶುಲ್ಕ ತಲೆಗೆ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕಡೇ ಪಕ್ಷ ಹದಿನೈದು ದಿನ ಮುಂಚೆ ಹಾಕಲೇಬೇಕು. ಅಲ್ಲೊಂದು ತೊಡಕು. ನಮಗೆ ಮನಸ್ಸು ಬಂದಂತೆ ಸುತ್ತಬೇಕು, ವೀಸಾದವರಿಗೆ ರಾತ್ರಿ ಎಲ್ಲಿ ಮಲಗುತ್ತೀರೆಂದು ತಿಳಿಯಬೇಕು. ಅದಕ್ಕೆ ಎರಡು ದಿನ ಮುಂಚೆ ರದ್ದು ಮಾಡಿದರೆ ಹಣ ವಾಪಸು ಕೊಡುವ ಕೋಣೆಗಳನ್ನೇ ಗೊತ್ತು ಮಾಡಿದೆ. ಬಾಡಿಗೆ ಸ್ವಲ್ಪ ಹೆಚ್ಚು, ಆದರೆ ಕೈ ಕಟ್ಟಿದಂತಾಗುವುದಿಲ್ಲ. ಉಲ್ಮ್ ಊರಿನಲ್ಲಿ ಮಾತ್ರ ರದ್ದು ಮಾಡಲಾಗದ ಅಗ್ಗದ ದರ ಕಂಡಿತು. ರಾತ್ರಿಗೆ 12 ಯೂರೋ ಉಳಿತಾಯ. ಹಳೇ ಚಾಳಿ, ಅದನ್ನೇ ಒತ್ತಿಬಿಟ್ಟೆ. ಇದರ ಕಥೆ ಮುಂದಿದೆ.

ಕಾರಿನ ವಿಷಯದಲ್ಲಿ ನಮ್ಮ ವಯಸ್ಸಿನವರು ಮೊದಲು ಕೇಳಬೇಕಾದ ಪ್ರಶ್ನೆ, “ನಿಮ್ಮಲ್ಲಿ ವಯಸ್ಸಿನ ಮಿತಿ ಇದೆಯೇ?” ಕೆಲವು ಕಂಪನಿಗಳು ಇಂತಿಷ್ಟು ವಯಸ್ಸು ಮೀರಿದವರಿಗೆ ಕಾರು ಕೊಡುವುದಿಲ್ಲ. ಎಪ್ಪತ್ಮೂರರ ನನಗೆ ಕೊಡಲು ಒಪ್ಪಿದ ಕಂಪನಿ ಹುಡುಕಲು ಒಂದು ವಾರ ಹಿಡಿಯಿತು. ನಮ್ಮ ಆರ್‌ಟಿಒ ಕಚೇರಿಯಲ್ಲಿ ಸಾವಿರ ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿದೆ. ಅದು ಒಂದು ವರ್ಷ ನಡೆಯುತ್ತದೆ, ಆದರೆ ನಮ್ಮ ಮೂಲ ಲೈಸೆನ್ಸ್ ಜೊತೆಗಿರಬೇಕು. ಆಮೇಲೆ ಕಾರಿನವರು ಠೇವಣಿಗೆ ಕ್ರೆಡಿಟ್ ಕಾರ್ಡೇ ಬೇಕೆಂದರು. ಜೀವಮಾನವಿಡೀ ಬ್ಯಾಂಕಿನಲ್ಲಿ ದುಡಿದರೂ ನನ್ನ ಹತ್ತಿರ ಅದಿರಲಿಲ್ಲ! ಸಾಲದ ವಸ್ತು ಎಂದು ದೂರವಿಟ್ಟಿದ್ದೆ. ಎಫ್.ಡಿ. ಆಧಾರದ ಮೇಲೆ ಕಾರ್ಡು ಕೊಡುತ್ತಾರೆ, ಹಾಗೆ ಮಾಡಿಸಿದೆ. ಗೇರ್ ಹಾಕುವ ಕಾರಿಗಿಂತ ಆಟೋಮ್ಯಾಟಿಕ್ ದುಬಾರಿ, ಆದರೂ ಅದನ್ನೇ ಆರಿಸಿದೆ. ಸ್ಟಿಯರಿಂಗ್ ಎಡಕ್ಕೆ, ಓಡಿಸುವುದು ಬಲಕ್ಕೆ, ಅದರ ಮೇಲೆ ಬಲಗೈಯಲ್ಲಿ ಗೇರ್ ಎಂದರೆ ಈ ತಲೆ ತಡೆಯದು. ಎಂಟು ವರ್ಷದ ಮೊಮ್ಮಗಳು ಒಂದು ಹಳದಿ ಚೀಟಿಯಲ್ಲಿ “ತಾತ, ಬಲಗಡೆ!” ಎಂದು ಬರೆದು ಕೊಟ್ಟಳು. ಹದಿಮೂರು ದಿನವೂ ಅದು ಕಾರಿನ ಡ್ಯಾಶ್‌ಬೋರ್ಡ್ ಮೇಲಿತ್ತು.

ನನಗೆ ನಾನೇ ಮಾಡಿಕೊಂಡ ನಿಯಮ ಎರಡು. ದಿನಕ್ಕೆ ನೂರೈವತ್ತು ಕಿಲೋಮೀಟರು ಮೀರಬಾರದು. ಕತ್ತಲಲ್ಲಿ ಓಡಿಸಬಾರದು. ಎರಡನೆಯದಕ್ಕೆ ಒಂದು ಕಾರಣವಿತ್ತು, ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಜೂನ್ ತಿಂಗಳಲ್ಲಿ ಹೊರಟೆವು. ಅಲ್ಲಿ ಆಗ ರಾತ್ರಿ ಒಂಬತ್ತು ದಾಟಿದರೂ ಬೆಳಕು. ಮ್ಯೂನಿಕ್‌ನ ಎರಡು ದಿನ ಟ್ರ್ಯಾಮು, ಮೆಟ್ರೋ. ದೊಡ್ಡ ಊರಿನಲ್ಲಿ ಕಾರು ಇದ್ದರೆ ನಿಲ್ಲಿಸುವುದಕ್ಕೇ ದುಡ್ಡು ಸುರಿಯಬೇಕು. ಮೂರನೆಯ ದಿನ ಕಾರು ಕೈಗೆ ಬಂತು. ಮೊದಲ ಅರ್ಧ ಗಂಟೆ ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು ವಿಷ್ಣುಸಹಸ್ರನಾಮ ಹೇಳುತ್ತಿದ್ದ ನನ್ನಾಕೆ, ಊರು ದಾಟಿದ ಮೇಲೆ ಚಕ್ಕುಲಿ ಡಬ್ಬಿ ತೆಗೆದಳು. ಅಷ್ಟು ನಂಬಿಕೆ ಸಾಕಿತ್ತು ನನಗೆ.

ಫ್ಯೂಸೆನ್ ಹತ್ತಿರ ನೊಯ್‌ಶ್ವಾನ್‌ಸ್ಟೈನ್ ಕೋಟೆಯಿದೆ. ಎರಡನೆಯ ಲುಡ್ವಿಗ್ ಎಂಬ ಬವೇರಿಯಾದ ದೊರೆ 1869ರಲ್ಲಿ ಕಟ್ಟಿಸಲು ಶುರುಮಾಡಿದ್ದು. ಡಿಸ್ನಿಯವರ ಅರಮನೆಯ ಚಿತ್ರ ನೋಡಿದ ಮಕ್ಕಳಿಗೆ ಇದು ಕಂಡ ಕೂಡಲೇ ಗುರುತು ಹತ್ತುತ್ತದೆ, ಅವರಿಗೆ ಸ್ಫೂರ್ತಿ ಇದೇ. ಒಳಗೆ ಹೋಗಬೇಕೆಂದರೆ ನಿಗದಿತ ಹೊತ್ತಿನ ಟಿಕೆಟ್. ಹೊತ್ತು ಮೀರಿದರೆ ಟಿಕೆಟ್ ವ್ಯರ್ಥ. ನನ್ನಾಕೆಯ ಮಂಡಿನೋವಿಗೆ ಆ ಏರುದಾರಿ ಯಾವ ಹೊತ್ತಿಗೆ ಮುಗಿಯುತ್ತದೆಂದು ಯಾರು ಹೇಳಬೇಕು? ಟಿಕೆಟ್ ಕೊಳ್ಳಲಿಲ್ಲ. ಕೆಳಗೆ ಆಲ್ಪ್‌ಸೇ ಎಂಬ ಕೆರೆಯ ದಡದಲ್ಲಿ ಅವಲಕ್ಕಿ ತಿನ್ನುತ್ತಾ ಮಧ್ಯಾಹ್ನ ಕಳೆದೆವು. ಅದು ಮೊದಲನೆಯ ಖಾಲಿ ದಿನ.

ಅವಲಕ್ಕಿ ಅಂದೆನಲ್ಲ, ಊಟದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಚಟ್ನಿಪುಡಿ, ಅವಲಕ್ಕಿ, ಒಣ ಉಪ್ಪಿಟ್ಟಿನ ಮಿಶ್ರಣ ಒಯ್ದಿದ್ದೆವು. ತುಪ್ಪ ಬಿಟ್ಟು ಹೋಗಬೇಕಾಯಿತು. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯೂರೋಪಿನ ಒಕ್ಕೂಟ ನಿಷೇಧಿಸಿದೆ. ಅಡುಗೆಮನೆ ಇರುವ ಕೋಣೆ ಹಿಡಿದರೆ ಅಂಗಡಿಯಿಂದ ಅಕ್ಕಿ, ಮೊಸರು, ಟೊಮೆಟೊ ತಂದು ಅನ್ನ ಸಾರು ಮಾಡಿಕೊಳ್ಳಬಹುದು. ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಬೇಕು. ನಲ್ಲಿಯ ನೀರನ್ನೇ ಕುಡಿಯಬಹುದು. ಪ್ಲಾಸ್ಟಿಕ್ ಬಾಟಲಿ ಕೊಂಡರೆ ಅದರ ಮೇಲೆ 25 ಸೆಂಟ್ ಠೇವಣಿ ಹಿಡಿಯುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರದ ಬಾಯಿಗಿಟ್ಟರೆ ನುಂಗಿ, ಹಣದ ಚೀಟಿ ಕೊಡುತ್ತದೆ. ಠೇವಣಿ ವಾಪಸು ಕೊಡುವ ಆ ಯಂತ್ರದ ಮೇಲೆ ನನಗೆ ವಿಶೇಷ ಮಮತೆ ಹುಟ್ಟಿತು.

ಹಳ್ಳಿಗಳಲ್ಲಿ ಮನೆಗಳ ಮುಂದೆ “ತ್ಸಿಮ್ಮರ್ ಫ್ರೈ” ಎಂಬ ಫಲಕ ಕಾಣುತ್ತದೆ. ಬೋರ್ಡಿನ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದ ನಾನು, ರೂಮು ಫ್ರೀಯಾಗಿ ಕೊಡುತ್ತಾರೇನೋ ಎಂದುಕೊಂಡೆ. ಯಾರೋ ಉಚ್ಚರಿಸಿದ್ದು ಕೇಳಿದ ನನ್ನಾಕೆ, ಅದು ಎಣ್ಣೆಯಲ್ಲಿ ಕರಿದ ತಿಂಡಿ ಅಂದುಕೊಂಡಳು. ನಿಜವಾದ ಅರ್ಥ “ಕೋಣೆ ಖಾಲಿ ಇದೆ” ಎಂದು ಅಷ್ಟೇ. ಮುಂಗಡ ಗೊತ್ತು ಮಾಡದೆ ತಿರುಗುವವರಿಗೆ ಆ ಫಲಕವೇ ಆಧಾರ.

ಲಿಂಡಾವ್ ಒಂದು ದ್ವೀಪದ ಊರು. ಅದರ ಸರೋವರಕ್ಕೆ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಮೂರೂ ದೇಶದ ದಡ. ಬಂದರಿನ ಬಾಯಲ್ಲಿ ಒಂದು ಕಡೆ ಕಲ್ಲಿನ ಸಿಂಹ, ಇನ್ನೊಂದು ಕಡೆ ದೀಪಸ್ತಂಭ. ಅಲ್ಲಿಂದ ಬ್ಲ್ಯಾಕ್ ಫಾರೆಸ್ಟ್ ಕಡೆ ಹೋಗುವ ದಾರಿಯಲ್ಲಿ ಡೊನಾವೆಶಿಂಗೆನ್ ಸಿಕ್ಕಿತು. ಬ್ರಿಗಾಖ್, ಬ್ರೆಗ್ ಎಂಬ ಎರಡು ಸಣ್ಣ ಹೊಳೆಗಳು ಅಲ್ಲಿ ಕೂಡುತ್ತವೆ. ಕೂಡಿದ ನೀರಿಗೆ ಡ್ಯಾನ್ಯೂಬ್ ಎಂದು ಹೆಸರು. ಅಲ್ಲಿಂದ ಅದು ಹತ್ತು ದೇಶಗಳನ್ನು ಮುಟ್ಟಿ, 2,800 ಕಿಲೋಮೀಟರಿಗೂ ಮಿಕ್ಕಿ ಹರಿದು ಕಪ್ಪು ಸಮುದ್ರ ಸೇರುತ್ತದೆ. ಅದೇ ಕಾಡಿನ ಇನ್ನೊಂದು ಮಗ್ಗುಲಿನಲ್ಲಿ ಬಿದ್ದ ಮಳೆ ರೈನ್ ನದಿ ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತದೆ. ನಮ್ಮ ಮಲೆನಾಡಿನಲ್ಲಿ ಶರಾವತಿ ಪಶ್ಚಿಮಕ್ಕೂ ತುಂಗೆ ಪೂರ್ವಕ್ಕೂ ಹೋಗುವುದಿಲ್ಲವೇ, ಹಾಗೆ.

“ನಿಲ್ಲಿಸಿ” ಅಂದಳು. ನಿಲ್ಲಿಸಿದೆ. ಹೊಳೆಗಳು ಕೂಡುವ ಕಡೆ ಹೋಗಿ ಅವಳು ಕೂತಳು. ಹತ್ತು ನಿಮಿಷವಲ್ಲ, ಒಂದೂಕಾಲು ಗಂಟೆ. ನಾನು ಎರಡು ಸಲ ಕೈಗಡಿಯಾರ ನೋಡಿದೆ, ಬಾಯಿ ಬಿಡಲಿಲ್ಲ. ಏಳುವಾಗ, “ನೀರು ಅಷ್ಟು ಜೋರಿಲ್ಲ. ಆದರೂ ಪರವಾಗಿಲ್ಲ” ಅಂದಳು.

ಬ್ಲ್ಯಾಕ್ ಫಾರೆಸ್ಟಿನಲ್ಲಿ ನಾಲ್ಕು ರಾತ್ರಿ. ಅಲ್ಲಿನ ಅನೇಕ ಊರುಗಳಲ್ಲಿ ಉಳಿದುಕೊಂಡವರಿಗೆ ಕೋನುಸ್ ಎಂಬ ಅತಿಥಿ ಕಾರ್ಡು ಕೊಡುತ್ತಾರೆ. ಅದು ಕೈಲಿದ್ದರೆ ಆ ಪ್ರದೇಶದ ಬಸ್ಸು, ರೈಲುಗಳಲ್ಲಿ ಟಿಕೆಟ್ ಬೇಡ. ಕಾರಿಗೆ ವಿಶ್ರಾಂತಿ ಕೊಟ್ಟು ಟ್ರೀಬರ್ಗ್‌ನ ಜಲಪಾತ, ಕುಕ್ಕೂ ಗಡಿಯಾರದ ಅಂಗಡಿಗಳನ್ನು ನೋಡಿಬಂದೆವು. ಫ್ರೈಬರ್ಗ್ ಊರಿನ ಬೀದಿಗಳಲ್ಲಿ ಸಣ್ಣ ನೀರಿನ ಕಾಲುವೆಗಳು ಹರಿಯುತ್ತವೆ. ಗೊತ್ತಿಲ್ಲದೆ ಅದರಲ್ಲಿ ಕಾಲಿಟ್ಟವರು ಆ ಊರಿನವರನ್ನೇ ಮದುವೆಯಾಗುತ್ತಾರೆಂದು ಅಲ್ಲಿನ ನಂಬಿಕೆ. ನನ್ನಾಕೆ ಅಂಗಡಿ ನೋಡುತ್ತಾ ಕಾಲಿಟ್ಟೇಬಿಟ್ಟಳು. “ಅರವತ್ತೆಂಟಾಯ್ತು, ಇನ್ನು ಯಾರು ಬರ್ತಾರೆ ನೋಡೋಣ” ಎಂದು ಅವಳೇ ನಕ್ಕಳು. ಮತ್ತೆರಡು ಖಾಲಿ ದಿನಗಳು ಕಾಡಂಚಿನ ಬೆಂಚಿನ ಮೇಲೆ ಕಳೆದವು.

ಅಲ್ಲಿಂದ ಕೇಲ್. ಕಾರನ್ನು ಜರ್ಮನಿಯಲ್ಲೇ ಬಿಟ್ಟು, ಟ್ರ್ಯಾಮ್ ಹತ್ತಿ ರೈನ್ ನದಿಯ ಸೇತುವೆ ದಾಟಿದರೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. 142 ಮೀಟರ್ ಎತ್ತರದ ಅಲ್ಲಿನ ಕ್ಯಾಥೆಡ್ರಲ್ ಇನ್ನೂರಕ್ಕೂ ಹೆಚ್ಚು ವರ್ಷ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು. ಹೊರಡುವ ದಿನ ಅದನ್ನು ಇನ್ನೊಮ್ಮೆ ನೋಡಿಬರಲು ಹೋಗಿ, ಕೇಲ್ ಬಿಟ್ಟಾಗ ಮಧ್ಯಾಹ್ನ ನಾಲ್ಕು. ಉಲ್ಮ್ ಅಲ್ಲಿಂದ ಇನ್ನೂರಮೂವತ್ತು ಕಿಲೋಮೀಟರು.

ನೂರೈವತ್ತರ ನಿಯಮ ಏನಾಯಿತು? ಹೆದ್ದಾರಿ, ಎರಡೂವರೆ ಗಂಟೆ, ಏನು ಮಹಾ ಎಂದು ಮೈಸೂರಿನಲ್ಲಿ ಕೂತೇ ಸಮಾಧಾನ ಮಾಡಿಕೊಂಡಿದ್ದೆ. ಉಲ್ಮ್ ಕೋಣೆಗೆ ಹಣ ಕಟ್ಟಿಯಾಗಿತ್ತು, ರದ್ದಿಲ್ಲ. ಸ್ಟುಟ್‌ಗಾರ್ಟ್ ಹತ್ತಿರ ವಾಹನಗಳು ಸಾಲುಗಟ್ಟಿ ನಿಂತುಬಿಟ್ಟವು. ಒಂದೂವರೆ ಗಂಟೆ ತೆವಳಿ, ಮೊಬೈಲಿನ ನಕ್ಷೆ ಹೇಳಿತೆಂದು ಹೆದ್ದಾರಿ ಬಿಟ್ಟು ಗುಡ್ಡದ ಮೇಲಿನ ಹಳ್ಳಿ ದಾರಿ ಹಿಡಿದೆ. ಮಳೆ ಹೊಯ್ಯತೊಡಗಿತು. ಬೆಳಕು ಕುಂದಿತು. ಎದುರಿನ ಕಾರುಗಳ ದೀಪ ನನ್ನ ಬಲಗಣ್ಣಿಗೆ ಹತ್ತಿ ಉಂಡೆಯಂತೆ ಕಾಣುತ್ತಿತ್ತು.

“ರೀ, ಎಲ್ಲಾದರೂ ನಿಲ್ಲೋಣ.”

“ಇನ್ನು ನಲವತ್ತೇ ಕಿಲೋಮೀಟರು ಕಣೇ. ರೂಮಿಗೆ ದುಡ್ಡು ಕಟ್ಟಿದೀನಿ.”

ಜರ್ಮನಿಯಲ್ಲಿ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ. ನನಗೆ ಗೊತ್ತಿತ್ತು, ಹತ್ತು ದಿನದಿಂದ ಪಾಲಿಸಿದ್ದೆ. ಆ ಹಳ್ಳಿಯಲ್ಲಿ ಬಲಗಡೆಯಿಂದ ಬಂದ ಕಾರು ನನಗೆ ಕಾಣಿಸಲೇ ಇಲ್ಲ. ಕಂಡದ್ದು ಅದರ ಚಾಲಕ ಬ್ರೇಕ್ ಒತ್ತಿ, ನನ್ನಾಕೆಯ ಬಾಗಿಲಿಗೆ ಒಂದು ಮೊಳ ಉಳಿದಾಗ. ಆತ ಹಾರನ್ ಮಾಡಲಿಲ್ಲ, ಕೈ ಎತ್ತಿ ಹೋಗಿ ಎಂದು ಸನ್ನೆ ಮಾಡಿದ.

ಅವಳು ಕೂಗಲಿಲ್ಲ. “ನಿಲ್ಲಿಸಿ” ಅಂದಳು, ಅಷ್ಟೆ.

ಸ್ವಲ್ಪ ಮುಂದೆ ಒಂದು ಮನೆಯ ಗೋಡೆಯ ಮೇಲೆ ಆ ಫಲಕವಿತ್ತು: ತ್ಸಿಮ್ಮರ್ ಫ್ರೈ. ಬಾಗಿಲು ತೆಗೆದಾಕೆಗೆ ನನಗಿಂತ ಹೆಚ್ಚಿನ ವಯಸ್ಸಿರಬೇಕು. ಇಂಗ್ಲಿಷ್ ಬಾರದು. ಬೆರಳಲ್ಲಿ ಬಾಡಿಗೆ ತೋರಿಸಿದರು: ಅರವತ್ತು ಯೂರೋ, ಬೆಳಗಿನ ತಿಂಡಿ ಸೇರಿ. ನೆನೆದ ನಮ್ಮ ಷೂಗಳನ್ನು ಕೇಳದೆಯೇ ಎತ್ತಿಕೊಂಡು ಹೋಗಿ, ಒಳಗೆ ಹಳೇ ಪತ್ರಿಕೆ ತುರುಕಿ ಒಣಗಲು ಇಟ್ಟರು.

ಕೋಣೆಯಲ್ಲಿ ಕೂತ ಮೇಲೆ ನಾನು ಹೇಳಬೇಕಾದದ್ದನ್ನು ಹೇಳಿದೆ. ಎಡಗಣ್ಣಿನ ಪೊರೆ ತೆಗೆಸಿ ಎರಡು ವರ್ಷವಾಗಿತ್ತು, ಅದು ಅವಳಿಗೆ ಗೊತ್ತು. ಬಲಗಣ್ಣಿನಲ್ಲೂ ಪೊರೆ ಬೆಳೆದಿದೆ, ಅದನ್ನು ತೆಗೆಸಿಕೊಂಡೇ ಹೋಗಿ ಎಂದು ಮಾರ್ಚ್‌ನಲ್ಲಿ ಕಣ್ಣಿನ ಡಾಕ್ಟರು ಹೇಳಿದ್ದರು. ಅಗ್ಗದ ವಿಮಾನ ಟಿಕೆಟ್ ಆಗಲೇ ಕೊಂಡಾಗಿತ್ತು. ಬಂದಮೇಲೆ ಮಾಡಿಸಿದರಾಯಿತು, ಹಗಲಲ್ಲಿ ಓಡಿಸಿದರೆ ಏನೂ ಆಗದು ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಕಣ್ಣು ನಿಮ್ಮದೇ ಇರಬಹುದು. ಪಕ್ಕದ ಸೀಟು ನಂದು” ಅಂದಳು.

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ. ಮನೆಯ ಲೆಕ್ಕವೆಲ್ಲ ಟ್ಯಾಲಿ ಮಾಡಿ ಅವಳ ಮುಂದಿಡುತ್ತಿದ್ದವನು, ಇದೊಂದು ಬಾಬ್ತನ್ನು ಬಚ್ಚಿಟ್ಟಿದ್ದೆ. ಹನ್ನೆರಡು ಯೂರೋ ಉಳಿಸಹೋಗಿ ನಮ್ಮಿಬ್ಬರ ಜೀವ ಪಣಕ್ಕಿಟ್ಟಿದ್ದೆ.

ಮಾರನೆಯ ದಿನ ಬಿಸಿಲು ಬಂತು. ಬ್ರೆಡ್ಡು, ಚೀಸು, ಜ್ಯಾಮಿನ ತಿಂಡಿ ಮುಗಿಸಿ ಅಲ್ಲೇ ಹೂದೋಟದಲ್ಲಿ ಕೂತೆವು. ಅದು ನಾಲ್ಕನೆಯ ಖಾಲಿ ದಿನ. ಅದು ಕೈಲಿ ಉಳಿದಿದ್ದರಿಂದಲೇ ಯಾವ ಅವಸರವೂ ಇರಲಿಲ್ಲ. ಕಾರಿನ ಕಂಪನಿಗೆ ಫೋನು ಮಾಡಿ, ಮ್ಯೂನಿಕ್ ಬದಲು ಉಲ್ಮ್‌ನಲ್ಲೇ ಕಾರು ಒಪ್ಪಿಸಬಹುದೇ ಎಂದು ಕೇಳಿದೆ. ಹೆಚ್ಚುವರಿ ಶುಲ್ಕ ಕೊಟ್ಟರೆ ಆಗುತ್ತದೆ ಎಂದರು. ಕೊಟ್ಟೆ. ಮಧ್ಯಾಹ್ನದ ಬೆಳಕಿನಲ್ಲಿ ನಿಧಾನವಾಗಿ ನಲವತ್ತು ಕಿಲೋಮೀಟರು ಓಡಿಸಿ ಬೀಗದ ಕೈ ಒಪ್ಪಿಸಿದಾಗ, ಹೆಗಲಿಂದ ಅಕ್ಕಿಮೂಟೆ ಇಳಿಸಿದಂತಾಯಿತು. ಹಳದಿ ಚೀಟಿಯನ್ನು ಕಿತ್ತು ಪರ್ಸಿನಲ್ಲಿಟ್ಟುಕೊಂಡೆ.

ಉಲ್ಮ್‌ನಲ್ಲಿ ಐನ್‌ಸ್ಟೀನ್ ಹುಟ್ಟಿದ್ದು, 1879ರಲ್ಲಿ. ಅಲ್ಲಿನ ಚರ್ಚಿನ ಗೋಪುರ 161 ಮೀಟರಿಗೂ ಎತ್ತರ, ತುದಿಗೆ 768 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವನಿಗೆ ಇದೇನು ಎಂದು ಊರಲ್ಲಿ ಕೊಚ್ಚಿಕೊಂಡಿದ್ದೆ. ಹತ್ತಲಿಲ್ಲ. ಆ ಊರಿನ ಪಕ್ಕದಲ್ಲೇ ಒಂದು ಅಗಲವಾದ ನದಿ. ಯಾವುದೆಂದು ನಕ್ಷೆಯಲ್ಲಿ ನೋಡಿದರೆ, ಡ್ಯಾನ್ಯೂಬ್! ಆ ದಿನ ನಮ್ಮ ಕಣ್ಣೆದುರು ಎರಡು ಸಣ್ಣ ಹೊಳೆ ಕೂಡಿ ಹುಟ್ಟಿದ್ದು, ಇಲ್ಲಿ ಬೆಳೆದು ನಿಂತಿತ್ತು. ದಡದ ಹುಲ್ಲಿನ ಮೇಲೆ ಕತ್ತಲಾಗುವ ತನಕ ಕೂತೆವು. ಆ ದಿನ ನಾನು ಗಡಿಯಾರ ನೋಡಲಿಲ್ಲ. ಮರುದಿನ ಬೆಳಿಗ್ಗೆ ಒಂಬತ್ತರ ಮೇಲೆ ಬವೇರಿಯಾ ಟಿಕೆಟ್ ಕೊಂಡು ರೈಲಿನಲ್ಲಿ ಮ್ಯೂನಿಕ್‌ಗೆ ಬಂದೆವು. ಪ್ರಾದೇಶಿಕ ರೈಲುಗಳಿಗೆ ಇಡೀ ದಿನಕ್ಕೆ ಒಂದೇ ಟಿಕೆಟ್, ಜೊತೆಗಾರರಿಗೆ ಸ್ವಲ್ಪ ಹೆಚ್ಚಿಗೆ ಕೊಟ್ಟರಾಯಿತು. ಕಿಟಕಿ ಪಕ್ಕ ಕೂತು ಇಬ್ಬರೂ ಹೊರಗೆ ನೋಡಿದೆವು. ಅಷ್ಟು ದಿನ ದಾರಿಯ ಗೆರೆ ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ ಎಂದು ಆಗ ಗೊತ್ತಾಯಿತು.

ಗುಮಾಸ್ತನ ಲೆಕ್ಕ ಒಪ್ಪಿಸದೆ ಮುಗಿಸಲಾರೆ. ಇಬ್ಬರಿಗೂ ಸೇರಿ ವಿಮಾನ 1,32,000 ರೂಪಾಯಿ, ವೀಸಾ ಮತ್ತು ವಿಮೆ 38,000, ಕಾರು 64,000, ಪೆಟ್ರೋಲು 12,000, ಕೋಣೆಗಳು 1,14,000, ಊಟ 36,000, ರೈಲು, ಟ್ರ್ಯಾಮು, ಪ್ರವೇಶ ಶುಲ್ಕ 18,000. ಒಟ್ಟು 4,14,000. ಇದರಲ್ಲಿ ನಾವು ಮಲಗದೇ ಹೋದ ಉಲ್ಮ್ ಕೋಣೆಯ ಒಂದು ರಾತ್ರಿಯ ಬಾಡಿಗೆಯೂ ಸೇರಿದೆ.

ನನ್ನ ವಯಸ್ಸಿನವರು ಹೊರಡುವುದಾದರೆ ಖಂಡಿತ ಹೊರಡಿ. ಮೊದಲು ಕಣ್ಣು ತೋರಿಸಿ, ಡಾಕ್ಟರು ಹೇಳಿದ್ದನ್ನು ಪಕ್ಕದ ಸೀಟಿನವರಿಗೆ ಹೇಳಿ. ರದ್ದು ಮಾಡಬಹುದಾದ ಕೋಣೆಯನ್ನೇ ಹಿಡಿಯಿರಿ. ಬೇಡವೆನಿಸಿದರೆ ಕಾರನ್ನು ದಾರಿಯಲ್ಲೇ ಒಪ್ಪಿಸಲು ಆಗುತ್ತದೆಯೇ, ಶುಲ್ಕವೆಷ್ಟು ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಆಗಸ್ಟ್‌ನಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮಲಗಿದ್ದ ದಿನಗಳಲ್ಲಿ ನನ್ನಾಕೆ ಪ್ರವಾಸದ ನೋಟ್‌ಬುಕ್ ತೆಗೆದು ಓದಿ ಹೇಳುತ್ತಿದ್ದಳು. ಪಟ್ಟಿ ತೆಗೆದ ಮೇಲೆ ನಾನೇ ಬಿಡಿಸಿ ನೋಡಿದೆ. ನಾಲ್ಕು ಖಾಲಿ ಪುಟಗಳಲ್ಲೂ ಅವಳು ತಾರೀಕು ಹಾಕಿ, ಊರಿನ ಹೆಸರು ಬರೆದಿದ್ದಳು. ಕೆರೆ ದಂಡೆ, ಕಾಡಂಚು, ಮತ್ತೆ ಕಾಡಂಚು, ಹೂದೋಟ. ಎಲ್ಲದರ ಕೆಳಗೂ ಒಂದೇ ಮಾತು: “ಕೂತಿದ್ದೆವು.”